ಓದಲು ದುಡ್ಡು, ಬರೆಯಲೂ ದುಡ್ಡು

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಸರ್ಟಿಫಿಕೇಟ್ ಇತ್ತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಕೆಳಗೆ ದೊಡ್ಡ ಸೀಲು. ಸಹೋದ್ಯೋಗಿಯೊಬ್ಬರ ಪ್ರಬಂಧ 'ಅಂತರರಾಷ್ಟ್ರೀಯ ಜರ್ನಲ್'ನಲ್ಲಿ ಪ್ರಕಟವಾಗಿತ್ತು. ದುಡ್ಡು ಕಟ್ಟಿದ ನಾಲ್ಕನೇ ದಿನಕ್ಕೆ ಬಂದ ಸರ್ಟಿಫಿಕೇಟ್ ಅದು. ಪ್ರಬಂಧವನ್ನು ಅಲ್ಲಿ ಯಾರೂ ಓದಿದಂತಿರಲಿಲ್ಲ. ಬರೆದವರ ಹೆಸರೇ ತಪ್ಪಾಗಿ ಅಚ್ಚಾಗಿತ್ತು. ಅವರು ಪಾಠ ಮಾಡುವುದರಲ್ಲಿ ಎತ್ತಿದ ಕೈ. ಬಡ್ತಿಗೆ ಅಂಕ ಸಾಲದೆ ಒದ್ದಾಡುತ್ತಿದ್ದರು, ಅಷ್ಟೆ.

ಅದೇ ವಾರ ಎಂ.ಎಸ್ಸಿ ಓದುತ್ತಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಪ್ರಾಜೆಕ್ಟಿಗೆ ಒಂದು ಪೇಪರ್ ಬೇಕಿತ್ತು. ತೆರೆದರೆ ಸಾರಾಂಶ ಮಾತ್ರ ಕಾಣುತ್ತಿತ್ತು. ಪೂರ್ತಿ ಓದಬೇಕೆಂದರೆ ಸುಮಾರು 40 ಡಾಲರ್. "ಮೇಡಂ, ಇದನ್ನ ಬರೆದಿರೋದು ನಮ್ಮ ಬೆಂಗಳೂರಿನವರೇ ಅಲ್ವಾ? ಮತ್ತೆ ನಮಗ್ಯಾಕೆ ದುಡ್ಡು?" ಎಂದು ಕೇಳಿದಳು.

ಅವಳ ಪ್ರಶ್ನೆಗೆ ಉತ್ತರ ಹುಡುಕಿದರೆ ಸರ್ಟಿಫಿಕೇಟಿನ ಕಥೆಯೂ ಜೊತೆಗೇ ಸಿಗುತ್ತದೆ.

1665ರಲ್ಲಿ ಲಂಡನ್ನಿನಲ್ಲಿ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಸಂಶೋಧನಾ ಪತ್ರಿಕೆ, ಅಂದರೆ ಜರ್ನಲ್, ಶುರುವಾಯಿತು. ಅಲ್ಲಿಂದ ಸುಮಾರು ಮುನ್ನೂರು ವರ್ಷ ಸಂಶೋಧನಾ ಪತ್ರಿಕೆಗಳು ಬಹುಮಟ್ಟಿಗೆ ವಿಜ್ಞಾನಿಗಳ ಸಂಘ, ಅಕಾಡೆಮಿಗಳ ಕೈಯಲ್ಲಿದ್ದವು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದಾಗ, ಅದರ ಮೊದಲ ಕೆಲಸಗಳಲ್ಲಿ ಒಂದು ಸ್ವಂತ ಪತ್ರಿಕೆ ತರುವುದೇ ಆಗಿತ್ತು. ಎರಡನೇ ಮಹಾಯುದ್ಧದ ನಂತರ ಸರ್ಕಾರಗಳು ವಿಜ್ಞಾನಕ್ಕೆ ಹಣ ಸುರಿದವು. ಪ್ರಬಂಧಗಳು ಹೆಚ್ಚಿದವು, ಖಾಸಗಿ ಪ್ರಕಾಶಕರೂ ಬಂದರು.

ಅವರ ವ್ಯವಹಾರ ವಿಚಿತ್ರವಾದದ್ದು. ಸಂಶೋಧನೆಗೆ ಬಹುಪಾಲು ಹಣ ಜನರ ತೆರಿಗೆಯದು. ಬರೆಯುವ ವಿಜ್ಞಾನಿಗೆ ಸಂಭಾವನೆ ಇಲ್ಲ. ಅದನ್ನು ಓದಿ ತಪ್ಪು ಹುಡುಕುವ ಇತರ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಇಲ್ಲ. ಕೊನೆಗೆ ಅದೇ ಪ್ರಬಂಧವನ್ನು ವಿಶ್ವವಿದ್ಯಾಲಯದ ಲೈಬ್ರರಿ ಚಂದಾ ಕಟ್ಟಿ ಕೊಳ್ಳಬೇಕು. ಆ ಹಣವೂ ಬಹುಪಾಲು ತೆರಿಗೆಯದೇ. 1990ರ ದಶಕದ ಕೊನೆಗೆ ಪತ್ರಿಕೆಗಳನ್ನು ಕಂತೆ ಕಟ್ಟಿ ಮಾರುವ ಪದ್ಧತಿ ಬಂತು. ಬೇಕಾದ ಹತ್ತರ ಜೊತೆ ಬೇಡದ ನೂರನ್ನೂ ಕೊಳ್ಳಬೇಕು. ಬೆಲೆ ಏರಿದಂತೆ ಸಣ್ಣ ಊರಿನ ಕಾಲೇಜುಗಳು ಸದ್ದಿಲ್ಲದೆ ಹೊರಗುಳಿದವು.

ಇದಕ್ಕೆ ಎದುರಾಗಿ ಬೆಳೆದದ್ದೇ ಓಪನ್ ಆಕ್ಸೆಸ್, ಅಂದರೆ ಮುಕ್ತ ಪ್ರವೇಶ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಭೌತವಿಜ್ಞಾನಿಗಳಿಗಾಗಿ ಆರ್‌ಕೈವ್ ಎಂಬ ಆನ್‌ಲೈನ್ ಭಂಡಾರ ಶುರು ಮಾಡಿದರು. ಅಚ್ಚಾಗುವ ಮೊದಲೇ ಪ್ರಬಂಧವನ್ನು ಅಲ್ಲಿ ಹಾಕಬಹುದು, ಯಾರು ಬೇಕಾದರೂ ಓದಬಹುದು. 2002ರ ಬುಡಾಪೆಸ್ಟ್ ಘೋಷಣೆ ಈ ಆಸೆಗೆ ಒಂದು ಹೆಸರು ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಪ್ರಬಂಧಗಳನ್ನು ಉಚಿತವಾಗಿ ಓದಲು ಇಡುವ ಆನ್‌ಲೈನ್ ಭಂಡಾರ ತೆರೆಯಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. 'ಪುಸ್ತಕಗಳಿರುವುದು ಬಳಸುವುದಕ್ಕೆ' ಎಂದು 1931ರಲ್ಲೇ ಬರೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದ ಊರೂ ಇದೇ. ಅದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆದರೆ ಉಚಿತವಾಗಿ ಓದಿಸಿದರೆ ಖರ್ಚು ಯಾರದು? ದೊಡ್ಡ ಪತ್ರಿಕೆಗಳು ಕಂಡುಕೊಂಡ ದಾರಿ ಸುಲಭದ್ದು. ಓದುವವರ ಬದಲು ಬರೆಯುವವರಿಂದ ತೆಗೆದುಕೊಳ್ಳುವುದು. 2018ರಲ್ಲಿ ಯುರೋಪಿನ ಧನಸಹಾಯ ಸಂಸ್ಥೆಗಳು 'ಪ್ಲಾನ್ ಎಸ್' ತಂದು, ತಮ್ಮ ಹಣದಲ್ಲಿ ನಡೆದ ಸಂಶೋಧನೆ ಕೂಡಲೇ ಎಲ್ಲರಿಗೂ ಸಿಗಬೇಕು ಎಂದವು. ಉದ್ದೇಶ ಒಳ್ಳೆಯದೇ. 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಮುಕ್ತವಾಗಿ ಪ್ರಕಟಿಸಲು 9,500 ಯುರೋ ನಿಗದಿಯಾಯಿತು. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಆಗ ನಮ್ಮಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಸೇರಿದವರ ಫೆಲೋಶಿಪ್, ಸಿಕ್ಕವರಿಗೆ ತಿಂಗಳಿಗೆ 31,000 ರೂಪಾಯಿ. ಎರಡು ವರ್ಷದ ಫೆಲೋಶಿಪ್ಪನ್ನು ಹಾಗೇ ಕೂಡಿಟ್ಟರೂ ಸಾಲದು.

ಬರೆಯುವವರು ದುಡ್ಡು ಕೊಡುವುದು ಮಾಮೂಲಾದರೆ, ದುಡ್ಡಿಗಾಗಿಯೇ ಪತ್ರಿಕೆ ತೆರೆಯುವವರೂ ಹುಟ್ಟುತ್ತಾರೆ. ನಾನು ಹತ್ತಿರದಿಂದ ಕಂಡದ್ದು ಈ ಭಾಗವನ್ನು.

2009ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಒಂದು ನಿಯಮ ತಂದಿತು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದಾದರೂ ಪೇಪರ್ ಪ್ರಕಟಿಸಬೇಕು. 2010ರಲ್ಲಿ ಎಪಿಐ ಬಂತು. ಬಡ್ತಿಗೆ ಅಂಕಗಳ ಲೆಕ್ಕ. ತಜ್ಞರು ಪರಿಶೀಲಿಸುವ ಪತ್ರಿಕೆಯ ಪ್ರಬಂಧಕ್ಕೆ 15 ಅಂಕ. ಪರಿಶೀಲನೆ ಇಲ್ಲದಿದ್ದರೂ ಹೆಸರಿದ್ದು, ಐಎಸ್‌ಎಸ್‌ಎನ್ ಇದ್ದರೆ 10. ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಗಳ ಸಂಖ್ಯೆ, ಮನೆ ನಂಬರ್ ಇದ್ದ ಹಾಗೆ. ಮನೆಯೊಳಗೆ ಏನಿದೆ ಎಂದು ಅದು ಹೇಳುವುದಿಲ್ಲ. ಸ್ಟಾಫ್ ರೂಮುಗಳಲ್ಲಿ ಮಾತ್ರ 'ಐಎಸ್‌ಎಸ್‌ಎನ್ ಇದೆಯಾ?' ಎಂಬುದೊಂದೇ ಪ್ರಶ್ನೆಯಾಯಿತು. ಲ್ಯಾಬ್ ಇಲ್ಲ, ಜರ್ನಲ್ ಇಲ್ಲ, ವಾರಕ್ಕೆ ಹದಿನಾರು ಗಂಟೆ ಪಾಠ. ಆದರೂ ಪೇಪರ್ ಬೇಕು. ಇಂಥ ಜಾಗದಲ್ಲಿ 'ಮೂರೇ ದಿನದಲ್ಲಿ ಪ್ರಕಟಣೆ' ಎಂಬ ಇಮೇಲ್ ಬಂದರೆ ಏನಾಗುತ್ತದೆ? ದುಡ್ಡು ಕಟ್ಟಿದವರನ್ನು ಬೈಯುವುದು ಸುಲಭ. ನನಗೆ ಮನಸ್ಸು ಬರುವುದಿಲ್ಲ.

ಸರಿಪಡಿಸುವ ಪ್ರಯತ್ನಗಳೂ ನಡೆದವು. 2017ರಲ್ಲಿ ಯುಜಿಸಿ ಒಪ್ಪಿತ ಪತ್ರಿಕೆಗಳ ದೊಡ್ಡ ಪಟ್ಟಿ ಕೊಟ್ಟಿತು. ಮರುವರ್ಷ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್'ನಲ್ಲಿ ಒಂದು ಅಧ್ಯಯನ ಬಂತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಆ ಪಟ್ಟಿ ಸೇರಿದ ಸಾವಿರದಷ್ಟು ಪತ್ರಿಕೆಗಳನ್ನು ಜಾಲಾಡಿದರೆ ಶೇ. 88ರಷ್ಟು ಕಳಪೆ. ಕೆಲವುದರಲ್ಲಿ ವಿಳಾಸವೇ ಸರಿ ಇರಲಿಲ್ಲ. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದರು. ಆಮೇಲೆ 'ಯುಜಿಸಿ ಕೇರ್' ಎಂಬ ಹೊಸ ಪಟ್ಟಿ ಬಂತು. ಅದಕ್ಕೆ ಸೇರಿದ ಒಳ್ಳೆಯ ಪತ್ರಿಕೆಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್‌ಗಳು ತಲೆ ಎತ್ತಿದವು. 2022ರಲ್ಲಿ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಎಂಬುದನ್ನು ಕೈಬಿಟ್ಟರು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯೂ ಹೋಯಿತು. ಯಾವುದು ಒಳ್ಳೆಯ ಪತ್ರಿಕೆ ಎಂದು ಆಯಾ ಸಂಸ್ಥೆಯೇ ನೋಡಿಕೊಳ್ಳಬೇಕು.

ಓದುವ ಕಡೆ ಏನಾಯಿತು? 2011ರಲ್ಲಿ ಕಜಕಿಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಶುರು ಮಾಡಿದ ಸೈ-ಹಬ್ ವೆಬ್‌ಸೈಟ್ ಕೋಟ್ಯಂತರ ಪ್ರಬಂಧಗಳನ್ನು ಅನುಮತಿ ಇಲ್ಲದೆ ಎಲ್ಲರಿಗೂ ಒದಗಿಸಿತು. 2020ರಲ್ಲಿ ಮೂವರು ಪ್ರಕಾಶಕರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ತಡೆಯಲು ಆದೇಶವಾಯಿತು. ಅಷ್ಟರಲ್ಲಿ ಸರ್ಕಾರ ಬೇರೆ ದಾರಿ ಹಿಡಿದಿತ್ತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300 ಸರ್ಕಾರಿ ಸಂಸ್ಥೆಗಳಿಗೆ ಒದಗಿಸುವುದು. ಪ್ರಕಟಣಾ ಶುಲ್ಕಕ್ಕೂ ಒಂದಿಷ್ಟು ನೆರವು ಕೊಡುವುದಾಗಿ ಹೇಳಲಾಗಿತ್ತು.

ನಮ್ಮ ಸರ್ಕಾರಿ ಕಾಲೇಜಿನಲ್ಲಿ ಇದರಿಂದ ನಿಜಕ್ಕೂ ಅನುಕೂಲವಾಗಿದೆ. ಲಾಗಿನ್ ಆದ ಮೊದಲ ದಿನ ನಾನು ಹುಡುಕಿದ್ದು ಆ ಹುಡುಗಿ ಕೇಳಿದ್ದ ಪೇಪರನ್ನೇ. ತಟ್ಟನೆ ತೆರೆಯಿತು. ಆದರೆ ಯೋಜನೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಪ್ರಕಾಶಕರು ಜಾಸ್ತಿ ಕೇಳಿದರೆ ಮತ್ತೆ ಚೌಕಾಸಿ. ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ. ಯಾವ ಕಾಲೇಜಿಗೂ ಸೇರದ ಓದುಗರು, ಅಂದರೆ ರೈತರು, ನಿವೃತ್ತ ಮೇಷ್ಟ್ರುಗಳು, ಹೊರಗೇ ಇದ್ದಾರೆ. ಇಷ್ಟು ಹಣದಲ್ಲಿ ಒಂದು ಪಾಲನ್ನಾದರೂ, ಬರೆಯುವವರಿಂದಲೂ ಓದುವವರಿಂದಲೂ ದುಡ್ಡು ಕೇಳದ ನಮ್ಮದೇ ಪತ್ರಿಕೆಗಳಿಗೆ ಹಾಕಬಹುದಿತ್ತು ಎಂದು ಅನೇಕರಿಗೆ ಅನಿಸಿದೆ. ನನಗೂ ಅನಿಸಿದೆ.

ಆ ಹುಡುಗಿಗೆ ಫೋನ್ ಮಾಡಿ ಪೇಪರ್ ಸಿಕ್ಕಿದ್ದನ್ನು ಹೇಳಿದೆ. ಅವಳೀಗ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಇನ್ನೂ ತೆರೆಯುವುದಿಲ್ಲವಂತೆ. "ಅದಿರಲಿ ಮೇಡಂ, ನನ್ನದೊಂದು ಪೇಪರ್ ರೆಡಿ ಇದೆ. ಲಿಸ್ಟೂ ಹೋಯ್ತಲ್ಲ, ಈಗ ಎಲ್ಲಿಗೆ ಕಳಿಸಲಿ?" ಎಂದಳು. ಎರಡು ಪತ್ರಿಕೆಗಳ ಹೆಸರು ಹೇಳಿದೆ. ಕಳಿಸುವ ಮೊದಲು ಎರಡರದ್ದೂ ಹಿಂದಿನ ಸಂಚಿಕೆ ತೆರೆದು ನಾಲ್ಕು ಪ್ರಬಂಧ ಪೂರ್ತಿ ಓದು ಎಂದೆ. ಒಂದು ತೆರೆಯಿತಂತೆ. ಇನ್ನೊಂದು ದುಡ್ಡು ಕೇಳಿತಂತೆ.