ಪ್ರಾಂಶುಪಾಲರ ಸ್ವಭಾವ ತಿದ್ದುವ ಮುಂಚೆ ಡೈರಿ ನೋಡಿ

ಶಿಕ್ಷಣ ಸುಧಾರಣೆ ಜಾರಿಗೆ ಬಂದ ವರ್ಷದೊಳಗೆ ಆಡಳಿತ ಮಂಡಳಿಗಳಿಂದ ಒಂದೇ ದೂರು: ‘ನಮ್ಮ ಪ್ರಾಂಶುಪಾಲರು ತುಂಬಾ ದರ್ಪದವರಾಗಿದ್ದಾರೆ, ಎರಡು ದಿನ ನಾಯಕತ್ವ ತರಬೇತಿ ಕೊಡಿ.’ ತರಬೇತಿಯೇ ನನ್ನ ವೃತ್ತಿ. ಆದರೂ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಯಾರು ಯಾರಿಗೆ ಯಾವುದರ ಲೆಕ್ಕ ಒಪ್ಪಿಸಬೇಕು ಎಂಬುದನ್ನೇ ಸುಧಾರಣೆ ಬದಲಿಸುತ್ತದೆ. ನಾಯಕತ್ವದ ಶೈಲಿ ಅದರ ಬೆನ್ನಿಗೇ ಬದಲಾಗುತ್ತದೆ. ಇಂಗ್ಲೆಂಡಿನ 1988ರ ಕಾಯ್ದೆ ಬಜೆಟ್ಟನ್ನು ಶಾಲೆಗಳ ಕೈಗೇ ಕೊಟ್ಟಿತು. ಮುಖ್ಯೋಪಾಧ್ಯಾಯರು ಹಣಕಾಸು ಕಲಿಯಲೇಬೇಕಾಯಿತು. ಅದೇ ವರ್ಷ ಶಿಕಾಗೋದ ಸುಧಾರಣೆ ಪ್ರಾಂಶುಪಾಲರ ಕಾಯಂ ಹುದ್ದೆ ತೆಗೆದು ನಾಲ್ಕು ವರ್ಷದ ಕರಾರು ತಂದಿತು. ಕರಾರು ಮಾಡಿಕೊಳ್ಳುವ ಸ್ಥಳೀಯ ಶಾಲಾ ಮಂಡಳಿಯಲ್ಲಿ ಆಗ ಪೋಷಕರದೇ ಬಹುಮತವಿತ್ತು. ಅಂಥ ಕುರ್ಚಿಯಲ್ಲಿ ಕೂತವರು ಪೋಷಕರ ಮಾತಿಗೆ ಹೆಚ್ಚು ಕಿವಿಗೊಟ್ಟರೆ ಅದನ್ನು ಹುಟ್ಟುಗುಣ ಎನ್ನಲಾದೀತೇ?

ನಾನು ಬಲ್ಲ ಒಬ್ಬ ಪ್ರಾಂಶುಪಾಲರು ಮೊದಲೆಲ್ಲ ಕೊನೇ ಬೆಂಚಿನಲ್ಲಿ ಕೂತು ಪಾಠ ಕೇಳಿ, ಆಮೇಲೆ ಕಾರಿಡಾರಿನಲ್ಲೇ ಶಿಕ್ಷಕರ ಜೊತೆ ಮಾತಾಡುತ್ತಿದ್ದವರು. ಹೊಸ ವ್ಯವಸ್ಥೆ ಬಂದ ಮೇಲೆ ಒಂದು ಬೆಳಗ್ಗೆ ಅವರ ಕೋಣೆಯಲ್ಲಿ ಕೂತಿದ್ದೆ. ಅಂಕಿಅಂಶ ಅಪ್‌ಲೋಡ್ ಮಾಡುವುದರಲ್ಲೇ ಊಟದ ಹೊತ್ತಾಯಿತು. ಗಣಿತದ ಶಿಕ್ಷಕಿ ಎರಡು ಸಲ ಬಾಗಿಲಿಗೆ ಬಂದರು; ಎರಡು ಸಲವೂ ‘ಆಮೇಲೆ ನೋಡೋಣ ಮೇಡಂ.’ ಸಂಜೆ ಆಕೆಗೆ ಹೋದದ್ದು ಲಿಖಿತ ಸೂಚನೆ. ಮಾತಾಡಲು ಹೊತ್ತಿಲ್ಲದಾಗ ಆದೇಶ ಹುಟ್ಟುತ್ತದೆ. ಮಂಡಳಿಗೆ ಕಂಡ ದರ್ಪ ಇದೇ.

ಬೋಧನೆಯ ಮೇಲೆ ನೇರ ಗಮನವಿಡುವ ನಾಯಕತ್ವ ಮಕ್ಕಳ ಕಲಿಕೆಯ ಮೇಲೆ ಬೀರುವ ಪರಿಣಾಮ, ಸ್ಫೂರ್ತಿ ತುಂಬುವ ನಾಯಕತ್ವದ್ದಕ್ಕಿಂತ ಮೂರು-ನಾಲ್ಕು ಪಟ್ಟು ಎಂದು ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಹಲವು ಅಧ್ಯಯನಗಳ ಸರಾಸರಿ ಅದು. ಪ್ರತಿ ಶಾಲೆಗೂ ಹಾಗೇ ಅನ್ವಯಿಸುತ್ತದೆ ಎನ್ನಲಾರೆ. ಅದರಲ್ಲೂ ಹೈಸ್ಕೂಲಿನ ಕಷ್ಟ ಬೇರೆ. ಇತಿಹಾಸ ಕಲಿಸಿ ಬಂದವರು ಭೌತಶಾಸ್ತ್ರದ ಪಾಠವನ್ನು ಎಷ್ಟೆಂದು ಅಳೆದಾರು? ಅಲ್ಲಿ ವಿಷಯ ಮುಖ್ಯಸ್ಥರಿಗೆ ಅಧಿಕಾರವನ್ನೂ, ಸಹೋದ್ಯೋಗಿಗಳ ತರಗತಿಗೆ ಹೋಗಲು ವೇಳಾಪಟ್ಟಿಯಲ್ಲಿ ಬಿಡುವನ್ನೂ ಹಂಚಬೇಕು. ಬಿಡುವು ಕೊಡದೆ ಹೊಣೆ ಮಾತ್ರ ಹಂಚಿದರೆ ದರ್ಪ ಒಂದು ಮೆಟ್ಟಿಲು ಕೆಳಗಿಳಿದು ವಿಷಯ ಮುಖ್ಯಸ್ಥರಿಗೆ ಬರುತ್ತದೆ, ಅಷ್ಟೇ.

ಹಾಗಾಗಿ ತರಬೇತಿ ಕೇಳುವ ಮಂಡಳಿಗಳಿಂದ ಮೊದಲು ಪ್ರಾಂಶುಪಾಲರ ಒಂದು ವಾರದ ಡೈರಿ ತರಿಸುತ್ತೇನೆ. ಸುಧಾರಣೆ ಸೇರಿಸಿದ ಕೆಲಸಗಳಿಗೆ ಗುರುತು ಹಾಕಿ, ಪ್ರತಿಯೊಂದರ ಪಕ್ಕದಲ್ಲಿ ಯಾವ ಹಳೆಯ ಕೆಲಸ ಬಿಡಬಹುದು, ಅದನ್ನು ಯಾರು ಮಾಡುತ್ತಾರೆ ಎಂದು ಬರೆಯಲು ಹೇಳುತ್ತೇನೆ. ಆ ಕಾಲಂ ಭರ್ತಿಯಾದ ಮೇಲೆಯೇ ತರಬೇತಿಯ ದಿನಾಂಕ.