ಮಾವಿನ ಹಣ್ಣು ನೊಣಗಳು: ಬೆನ್ನಿಗಿಂತ ಮೊದಲು ಮುಖ ನೋಡಿ

ಮಾವಿನ ತೋಟದಲ್ಲಿ ಮೀಥೈಲ್ ಯೂಜೆನಾಲ್ (ನೊಣಗಳನ್ನು ಸೆಳೆಯುವ ವಾಸನೆಯ ರಾಸಾಯನಿಕ) ಇಟ್ಟ ಬಲೆ ಕಟ್ಟಿದರೆ ಬೀಳುವುದು ಗಂಡು ನೊಣಗಳು. ಅವುಗಳಲ್ಲಿ ಮುಖ್ಯವಾದವು ಬ್ಯಾಕ್ಟ್ರೋಸೆರಾ ಕುಲದ ಡಾರ್ಸಾಲಿಸ್, ಕರೆಕ್ಟಾ ಮತ್ತು ಜೊನಾಟಾ. ಹಾಗಲಕಾಯಿ ಕೆಡಿಸುವ ನೊಣ ಈ ವಾಸನೆಗೆ ಬರುವುದಿಲ್ಲ. ಅದಕ್ಕೆ ಕ್ಯೂ ಲ್ಯೂರ್ ಅನ್ನುವ ಬೇರೆ ವಾಸನೆ ಬೇಕು, ಅದನ್ನು ಇಲ್ಲಿ ಬಿಡೋಣ.

ಡಾರ್ಸಾಲಿಸ್ ಬೇರ್ಪಡಿಸುವುದು ಸುಲಭ. ರೆಕ್ಕೆಯ ಮುಂಅಂಚಿನ ಕಂದು ಪಟ್ಟಿ ತುದಿಯವರೆಗೂ ತುಂಡಾಗದೆ ಹೋಗುತ್ತದೆ. ಉಳಿದೆರಡರಲ್ಲಿ ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಒಂದು ಮಚ್ಚೆ ಮಾತ್ರ ಕಾಣುತ್ತದೆ. ಕೆಳಗೆ ಬಿಳಿ ಕಾಗದ ಇಟ್ಟು ಫೋಟೋ ತೆಗೆಯಿರಿ, ಎಲೆಯ ಮೇಲೆ ಈ ಪಟ್ಟಿ ಕಾಣುವುದೇ ಇಲ್ಲ.

ತಲೆಬಿಸಿ ಶುರುವಾಗುವುದು ಕರೆಕ್ಟಾ, ಜೊನಾಟಾ ನಡುವೆ. ಕರೆಕ್ಟಾದ ಬೆನ್ನು ಕಪ್ಪು, ಜೊನಾಟಾದ್ದು ಕೆಂಗಂದು ಅಂತ ಓದಿರುತ್ತೇವೆ. ಸರಿಯೇ, ಆದರೆ ಆಗಷ್ಟೇ ಕೋಶದಿಂದ ಹೊರಬಂದ ನೊಣಕ್ಕೆ ಬಣ್ಣ ಇನ್ನೂ ಕೂತಿರುವುದಿಲ್ಲ. ಫ್ಲ್ಯಾಶ್ ಬಿದ್ದರೆ ಕಪ್ಪು ಬೆನ್ನೂ ಮಾಸಲಾಗಿ ಕಾಣುತ್ತದೆ. ಡಾರ್ಸಾಲಿಸ್ ಒಂದರಲ್ಲೇ ಬೆನ್ನು ಕಪ್ಪಿನಿಂದ ಕಂದಿನವರೆಗೆ ಬದಲಾಗುತ್ತದೆ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ನೊಣಕ್ಕೆ 2005ರಲ್ಲಿ ಇನ್ವಾಡೆನ್ಸ್ ಅಂತ ಬೇರೆ ಜಾತಿಯ ಹೆಸರು ಕೊಟ್ಟರು. 2015ರಲ್ಲಿ ಅದನ್ನೂ ಡಾರ್ಸಾಲಿಸ್‌ಗೇ ಸೇರಿಸಿದರು. ಹಾಗಾಗಿ ಬರೀ ಬೆನ್ನಿನ ಬಣ್ಣ ನೋಡಿ ಹೆಸರು ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮುಖ ನೋಡಿ. ಮುಖ ಅಂದರೆ ಮೀಸೆಗಳ ಬುಡದಿಂದ ಬಾಯಿಯವರೆಗಿನ ಹಳದಿ ಜಾಗ. ಜೊನಾಟಾದಲ್ಲಿ ಅಲ್ಲಿ ಎರಡು ಕಪ್ಪು ಚುಕ್ಕೆ, ಒಂದಕ್ಕೊಂದು ದೂರ ದೂರ. ಕರೆಕ್ಟಾದಲ್ಲಿ ಆ ಚುಕ್ಕೆಗಳು ಅಡ್ಡಕ್ಕೆ ಉದ್ದವಾಗಿ, ನಡುವೆ ಹೆಚ್ಚುಕಡಿಮೆ ಕೂಡಿಕೊಂಡು, ಕಪ್ಪು ಪಟ್ಟಿಯಂತೆ ಕಾಣುತ್ತವೆ.

ಮೇಲಿಂದ ತೆಗೆದ ಫೋಟೋದಲ್ಲಿ ಇದು ಸಿಗುವುದಿಲ್ಲ. ಪಕ್ಕದಿಂದ ತೆಗೆದರೆ ಒಂದೇ ಚುಕ್ಕೆ ಕಾಣುತ್ತದೆ. ಆಗ ನಡುವಿನ ಹಳದಿ ಜಾಗ ಇದೆಯೋ ಇಲ್ಲವೋ ತಿಳಿಯುವುದು ಹೇಗೆ, ಅಲ್ವಾ? ನೇರ ಎದುರಿನಿಂದ ತೆಗೆದರೂ ಇಳಿಬಿದ್ದ ಮೀಸೆ ಚುಕ್ಕೆಯನ್ನು ಮುಚ್ಚಬಹುದು. ಚುಕ್ಕೆಗಳಿರುವುದು ಮೀಸೆ ಕೂರುವ ತಗ್ಗುಗಳ ಕೆಳತುದಿಯಲ್ಲಿ. ಅದಕ್ಕೇ ಕ್ಯಾಮೆರಾವನ್ನು ಎದುರಿಗೇ ಇಟ್ಟು, ನೊಣದ ಕಣ್ಣಿಗಿಂತ ಸ್ವಲ್ಪ ಕೆಳಗೆ ಇಳಿಸಿ. ಎರಡು ಕಣ್ಣೂ ಸಮನಾಗಿ ಕಂಡರೆ ಕೋನ ಸರಿಯಿದೆ.

ಕಾಲುಗಳದ್ದೂ ಒಂದು ಫೋಟೋ ಇರಲಿ. ದಕ್ಷಿಣ ಭಾರತದಲ್ಲಿ ಕ್ಯಾರಿಯೇ ಅನ್ನುವ ಇನ್ನೊಂದು ಜಾತಿ ಇದೆ, ನೋಡಲು ಡಾರ್ಸಾಲಿಸ್ ಥರವೇ. ಅದರ ತೊಡೆಗಳಲ್ಲಿ ಕಪ್ಪು ಗುರುತು ಇರುತ್ತದೆ.