ಮರದ ಹೊಟ್ಟು, ಸಿಮೆಂಟ್ ಬೋರ್ಡ್ ಮತ್ತು ಸಕ್ಕರೆಯ ಕಾಟ

ಮರದ ಹೊಟ್ಟಿಗೆ ಸಿಮೆಂಟ್ ಕಲಸಿ ನಾನು ಮೊದಲು ಮಾಡಿದ ಬೋರ್ಡಿನ ತುಂಡನ್ನು ಮೂರನೇ ದಿನ ಅಚ್ಚಿನಿಂದ ತೆಗೆದೆ. ರವೆ ಉಂಡೆ ಹಾಗೆ ಕೈಯಲ್ಲೇ ಉದುರಿತು. ಸಿಮೆಂಟ್ ಹಳೇದು ಅಂದುಕೊಂಡೆ, ಆದರೆ ಅದೇ ಚೀಲದ ಸಿಮೆಂಟಿಗೆ ಮರಳು ಕಲಸಿ ಹಾಕಿದ್ದು ಪಕ್ಕದಲ್ಲೇ ಕಲ್ಲಾಗಿ ಕೂತಿತ್ತು! ತಪ್ಪು ಹೊಟ್ಟಿನದು.

ಮರದಲ್ಲಿ ಸಕ್ಕರೆ, ಟ್ಯಾನಿನ್ (ಒಗರು ಕೊಡುವ ಅಂಶ), ಹೆಮಿಸೆಲ್ಯುಲೋಸ್ (ಸಕ್ಕರೆಗಳೇ ಸರಪಳಿಯಾಗಿ ಸೇರಿ ಆದ ವಸ್ತು) ಇರುತ್ತವೆ. ನೀರು ಕಲಸಿದ ಸಿಮೆಂಟ್ ತುಂಬಾ ಕ್ಷಾರ, ಪಿಎಚ್ 12ಕ್ಕಿಂತ ಜಾಸ್ತಿ. ಆ ಕ್ಷಾರ ಇವನ್ನೆಲ್ಲ ಮರದಿಂದ ಎಳೆದು ಹೊರಗೆ ಹಾಕುತ್ತದೆ, ಅವು ಹೋಗಿ ಸಿಮೆಂಟ್ ಕಣಗಳಿಗೆ ಅಂಟಿಕೊಳ್ಳುತ್ತವೆ, ಗಟ್ಟಿಯಾಗುವ ಕೆಲಸ ಅಲ್ಲೇ ನಿಂತುಬಿಡುತ್ತದೆ. 1 ಕಿಲೋ ಸಿಮೆಂಟಿಗೆ ಒಂದೆರಡು ಗ್ರಾಂ ಸಕ್ಕರೆ ಸಾಕು, ದಿನಗಟ್ಟಲೆ ತಡವಾಗುತ್ತದೆ. ಹಳೇ ಕಾಲದ ಗಾರೆಗೆ ಬೆಲ್ಲದ ನೀರು ಹಾಕ್ತಿದ್ರಲ್ಲ ಅಂತ ಕೇಳಬಹುದು. ಅದು ಸುಣ್ಣ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಂಥದ್ದು. ಲೆಕ್ಕವೇ ಬೇರೆ.

ಯಾವ ಮರ ಆಗುತ್ತದೆ ಅಂತ ತಿಳಿಯೋಕೆ ಥರ್ಮಾಸ್ ಫ್ಲಾಸ್ಕ್ ಸಾಕು. 200 ಗ್ರಾಂ ಸಿಮೆಂಟ್, 15 ಗ್ರಾಂ ಮರದ ಪುಡಿ, ಸುಮಾರು 90 ಮಿಲಿ ನೀರು ಕಲಸಿ ಒಳಗಿಟ್ಟು, ಥರ್ಮಾಮೀಟರ್ ತೂರಿಸಿ ಒಂದು ದಿನ ನೋಡುತ್ತಿರಿ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. 60 ಡಿಗ್ರಿ ದಾಟಿದರೆ ಒಳ್ಳೇ ಮರ, 50ಕ್ಕಿಂತ ಕಡಿಮೆ ಆದರೆ ಹಾಗೇ ಬಳಸಬೇಡಿ. ರಬ್ಬರ್ ಮರದಲ್ಲಿ ಸಕ್ಕರೆ, ಪಿಷ್ಟ ಎರಡೂ ಇದೆ. ಅಕೇಶಿಯಾದಲ್ಲಿ ಟ್ಯಾನಿನ್. ಸಾ ಮಿಲ್ಲಿನ ರಾಶಿಯಲ್ಲಿ ಎಲ್ಲಾ ಬೆರೆತಿರುತ್ತದೆ, ಹಾಗಾಗಿ ಪ್ರತಿ ಲೋಡಿಗೂ ಈ ಪರೀಕ್ಷೆ ಮಾಡಿ.

ಮದ್ದು ಸುಲಭ. ಹೊಟ್ಟನ್ನು ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ. ನನ್ನ ಬಕೆಟ್ಟಿನ ನೀರು ಬೆಳಿಗ್ಗೆ ಪಕ್ಕಾ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಆಮೇಲೆ ಸಿಮೆಂಟಿನ ತೂಕದ 2-3% ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಬೇಗ ಕಚ್ಚಿಕೊಳ್ಳುತ್ತದೆ. ಆದರೆ ಕ್ಲೋರೈಡ್ ಮೊಳೆ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ಅಲ್ಯೂಮಿನಿಯಂ ಸಲ್ಫೇಟ್ ಮತ್ತು ಸೋಡಿಯಂ ಸಿಲಿಕೇಟ್ ಜೋಡಿಗೆ ಆ ತಾಪತ್ರಯ ಇಲ್ಲ.

ಇನ್ನೊಂದು. ನುಣ್ಣನೆ ಹೊಟ್ಟಿಗಿಂತ ಚಕ್ಕೆ ಮೇಲು. ಹುಡಿಗೆ ಒಟ್ಟು ಮೇಲ್ಮೈ ಜಾಸ್ತಿ, ಸಿಮೆಂಟ್ ಜಾಸ್ತಿ ಕುಡಿಯುತ್ತದೆ, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ತೆಳ್ಳನೆ ಉದ್ದ ಚಕ್ಕೆಗಳು ಒಂದರ ಮೇಲೊಂದು ಹೆಣೆದುಕೊಂಡು ಹಿಡಿದುಕೊಳ್ಳುತ್ತವೆ. ಸಾಮಾನ್ಯವಾಗಿ ತೂಕದಲ್ಲಿ 1 ಪಾಲು ಮರಕ್ಕೆ ಹೆಚ್ಚುಕಡಿಮೆ 3 ಪಾಲು ಸಿಮೆಂಟ್.

ಪ್ಲೈವುಡ್ ಹಾಗೆ ಬಿಸಿ ಪ್ರೆಸ್ಸಿನಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಲಸ ಅಲ್ಲ ಇದು. ಒತ್ತಿ, ಬೋಲ್ಟ್ ಬಿಗಿದು, ರಾತ್ರಿಯಿಡೀ ಹಾಗೇ ಬಿಡಬೇಕು. ಬೇಗ ಬಿಚ್ಚಿದರೆ ಚಕ್ಕೆಗಳು ಸ್ಪ್ರಿಂಗ್ ಹಾಗೆ ಉಬ್ಬಿ ಬೋರ್ಡ್ ದಪ್ಪ ಆಗುತ್ತದೆ. ನಂತರ ಕೆಲವು ವಾರ ಕ್ಯೂರಿಂಗ್, ಅಂದರೆ ತೇವ ಆರದಂತೆ ಇಟ್ಟು ಪೂರ್ತಿ ಗಟ್ಟಿಯಾಗಲು ಬಿಡೋದು.

ಗೆದ್ದಲು ಹತ್ತಲ್ಲ, ಬೆಂಕಿಗೂ ಸುಲಭಕ್ಕೆ ಜಗ್ಗಲ್ಲ. ಭಾರ ಮಾತ್ರ ವಿಪರೀತ. ಒಂದು ಘನ ಮೀಟರಿಗೆ 1250 ಕಿಲೋ ಅಂತ ಹಿಡಿದರೂ 8×4 ಅಡಿಯ 12 ಮಿ.ಮೀ. ಶೀಟು ಸುಮಾರು 45 ಕಿಲೋ ತೂಗುತ್ತದೆ. ಎತ್ತೋಕೆ ಇಬ್ಬರು ಬೇಕೇ ಬೇಕು, ಮತ್ತೆ ಸ್ಕ್ರೂ ಹಾಕೋ ಮುಂಚೆ ತೂತು ಕೊರೆಯದಿದ್ದರೆ ಅಂಚು ಕಿತ್ತುಕೊಂಡು ಬರುತ್ತದೆ.